ಆರು ಉಪನ್ಯಾಸ, ಒಂದು ಪೈಪು

ಮಾರ್ಚ್ ೪, ಸೋಮವಾರ

ಇವತ್ತು ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, ಸಮಾಜಕ್ಕೆ ನನ್ನ ಅಗತ್ಯವಿದೆ ಎಂದರು. ಹದಿನಾಲ್ಕು ವರ್ಷದಿಂದ ಈ ವಿಶ್ವವಿದ್ಯಾಲಯದಲ್ಲಿ ರೋಗಾಣುಗಳ ಬಗ್ಗೆ ಪಾಠ ಮಾಡುತ್ತಿದ್ದೇನೆ. ಇಷ್ಟು ದಿನ ಸಮಾಜ ನಾನಿಲ್ಲದೆ ಚೆನ್ನಾಗಿಯೇ ಇತ್ತು.

ನಾವು ಅವರಿಗೆ ಇಟ್ಟಿರುವ ಹೆಸರು ‘ಪ್ರಸ್ತಾವನೆ ಸಾರ್’. ಭಾಷಣಕ್ಕೆ ನಿಂತರೆ ಪ್ರಸ್ತಾವನೆ ಮುಗಿಯುವ ಹೊತ್ತಿಗೆ ಕುರ್ಚಿಗಳು ಮಾತ್ರ ಉಳಿದಿರುತ್ತವೆ. ಇವತ್ತೂ ಅರ್ಧ ಗಂಟೆಯಾದ ಮೇಲೆ ವಿಷಯ ಹೊರಬಿತ್ತು: ಏಪ್ರಿಲ್ ಮೂರನೇ ವಾರ ಮೌಲ್ಯಮಾಪನ ತಂಡ ಬರುತ್ತದಂತೆ. ಅಷ್ಟರೊಳಗೆ ನಾವು ಜನರ ನಡುವೆ ಹೋಗಿ ಸಾಂಕ್ರಾಮಿಕ ರೋಗಗಳ ಬಗ್ಗೆ ತಿಳಿವಳಿಕೆ ಕೊಟ್ಟಿರಬೇಕಂತೆ. ಆರು ಶನಿವಾರ, ಆರು ಉಪನ್ಯಾಸ.

“ಜನ ಎಲ್ಲಿ ಸಿಗ್ತಾರೆ ಸಾರ್?” ಎಂದೆ.

“ಹಾಸ್ಟೆಲ್ ಹಿಂದಿನ ಕಾಂಪೌಂಡಿನ ಆಚೆ ಇದ್ದಾರಲ್ಲಮ್ಮ, ಬೇಕಾದಷ್ಟು ಜನ.”

ಯಾವುದೋ ಅಂಗಡಿಯಲ್ಲಿ ದಾಸ್ತಾನು ಇರುವ ಹಾಗೆ ಹೇಳಿದರು. ನನ್ನ ಬಡ್ತಿಯ ಫೈಲು ಅವರ ಮೇಜಿನ ಮೇಲೆ ಎರಡು ವರ್ಷದಿಂದ ಮಲಗಿದೆ. ಆದ್ದರಿಂದ ಸಮಾಜಸೇವೆಗೆ ಒಪ್ಪಿಕೊಂಡೆ.

ಮಾರ್ಚ್ ೯, ಶನಿವಾರ

ಮೊದಲ ಉಪನ್ಯಾಸ. ಹಿಂದಿನ ಬೀದಿಯ ಹೊಲಿಗೆ ಅಂಗಡಿಯ ಮೇಲಿನ ಕೋಣೆ. ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ವರು ಉಚಿತ ಕಣ್ಣು ತಪಾಸಣೆ ಎಂದುಕೊಂಡು ಬಂದವರು. ಒಬ್ಬ ಮೆಕ್ಯಾನಿಕ್ಕು ಫ್ಯಾನಿನ ಕೆಳಗಿನ ಜಾಗ ನೋಡಿ ಆರಿಸಿಕೊಂಡು, ಮೂರನೇ ಸ್ಲೈಡಿಗೇ ಗೊರಕೆ ಶುರು ಮಾಡಿದ.

ನಲವತ್ತೆಂಟು ಸ್ಲೈಡು ತೋರಿಸಿದೆ. ಕೊನೆಗೆ ಪ್ರಶ್ನೆ ಇದೆಯೇ ಎಂದಾಗ ಅಂಗಡಿಯ ಒಡತಿ ಕೈ ಎತ್ತಿದಳು. ಐವತ್ತು ದಾಟಿದವಳು, ಕೊರಳಿಗೆ ದಾರದಲ್ಲಿ ಕತ್ತರಿ ನೇತುಹಾಕಿಕೊಂಡಿದ್ದಳು. ಬೀದಿಗೆಲ್ಲ ಅವಳು ಕತ್ತರಿಯಕ್ಕ.

“ಮೇಡಂ, ಒಂದು ಡೌಟು. ಈ ಕಾಯಿಲೆಗಳೆಲ್ಲ ನಮ್ಮ ಬೀದಿಗೆ ಬಂದ್ರೆ ಇಂಗ್ಲಿಷಲ್ಲೇ ಬರ್ತವಾ, ಇಲ್ಲ ನಮಗೆ ತಿಳಿಯೋ ಹಾಗೆ ಬರ್ತವಾ?”

ಎಲ್ಲರೂ ನಕ್ಕರು. ಮೆಕ್ಯಾನಿಕ್ಕು ನಿದ್ದೆಯಲ್ಲೇ ನಕ್ಕ. ಸಾರ್ವಜನಿಕರ ಅಜ್ಞಾನದ ಬಗ್ಗೆ ಒಂದು ಪ್ರಬಂಧ ಬರೆಯಬಹುದು.

ಮಾರ್ಚ್ ೧೬, ಶನಿವಾರ

ಎರಡನೆಯದು: ಕೈ ತೊಳೆಯುವುದು. ಪ್ರಯೋಗಾಲಯದಿಂದ ಹೊಳೆಯುವ ಪುಡಿ ಒಯ್ದಿದ್ದೆ. ಅದನ್ನು ಕೈಗೆ ಹಚ್ಚಿಕೊಂಡು ತೊಳೆಯಬೇಕು, ಆಮೇಲೆ ನೀಲಿ ದೀಪದ ಕೆಳಗೆ ಹಿಡಿದರೆ ಎಲ್ಲಿ ಸರಿಯಾಗಿ ತೊಳೆದಿಲ್ಲವೋ ಅಲ್ಲಿ ಮಿನುಗುತ್ತದೆ. ಫೋಟೊಗೆಂದು ಬಂದಿದ್ದ ಪ್ರಸ್ತಾವನೆ ಸಾರ್ ತಾವೇ ಮೊದಲು ತೊಳೆದು ಮಾದರಿಯಾಗುವುದಾಗಿ ಹೇಳಿದರು. ತೊಳೆದರು. ದೀಪ ಹಾಕಿದೆ. ಎರಡೂ ಕೈ ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಹೊಳೆದವು. ಮೂಗಿನ ತುದಿಯೂ ಹೊಳೆಯಿತು.

ಕತ್ತರಿಯಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ಅವಳು ಏಳು ತಿಂಗಳ ಬಸುರಿ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವುದು ನೋಡಿ ನನಗೇ ಭಯವಾಯಿತು. ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವ ಕೆಲಸ ಅವಳದು, ಬೀದಿಯವರು ಕರೆಯುವುದೂ ಕಾಜಾ ಎಂದೇ.

ಒಟ್ಟಿನಲ್ಲಿ ಯಶಸ್ವಿ ಕಾರ್ಯಕ್ರಮ. ಸಾರ್ ಮಾತ್ರ ಚಹಾ ಕುಡಿಯದೆ ಹೊರಟುಹೋದರು.

ಮಾರ್ಚ್ ೧೯, ಮಂಗಳವಾರ

ಅಪ್ಪ ಊಟಕ್ಕೆ ಕೂತಾಗ ಕೇಳಿದರು: “ಅಲ್ಲಿ ಹೋಗಿ ಏನ್ ಹೇಳ್ತೀಯೇ?”

“ಕೈ ತೊಳ್ಕೊಳ್ಳಿ ಅಂತ.”

“ನೀರು ಎಷ್ಟು ಹೊತ್ತು ಬರುತ್ತೆ ಅವರಿಗೆ?”

“ನನಗೇನು ಗೊತ್ತು?”

“ಕೇಳಲಿಲ್ವಾ?”

ಅಪ್ಪ ನೀರು ಸರಬರಾಜಿನಲ್ಲಿ ಮೂವತ್ತೆರಡು ವರ್ಷ ವಾಲ್ವ್‌ಮನ್ ಆಗಿದ್ದವರು. ಪಂಪ್‌ಹೌಸಿನ ಗದ್ದಲಕ್ಕೆ ಬಲಗಿವಿ ಹೋಗಿದೆ. ಲೋಕದ ಸಮಸ್ಯೆಗಳೆಲ್ಲ ಎಲ್ಲೋ ಒಂದು ವಾಲ್ವ್ ಸರಿಯಾಗಿ ತಿರುಗಿಸದೆ ಹುಟ್ಟಿದವು ಎಂಬುದು ಅವರ ಸಿದ್ಧಾಂತ. ನಾನು ಅನ್ನ ಬಡಿಸಿ ಮಾತು ಬದಲಿಸಿದೆ.

ಮಾರ್ಚ್ ೨೩, ಶನಿವಾರ

ಇವತ್ತು ಬಂದವರು ಐದೇ ಜನ. ನನ್ನ ಜನಪ್ರಿಯತೆ ಇಷ್ಟು ಬೇಗ ಇಳಿಯಿತೇ ಎಂದುಕೊಂಡೆ.

“ಬರೋಕೆ ಯಾರಿದ್ದಾರೆ ಮೇಡಂ? ಮನೆಗೊಬ್ಬರು ಹಳದಿಯಾಗಿ ಮಲಗಿದ್ದಾರೆ,” ಎಂದಳು ಕತ್ತರಿಯಕ್ಕ.

“ಹಳದಿ ಅಂದ್ರೆ?”

“ಹಳದಿ ಅಂದ್ರೆ ಹಳದಿ. ಕಣ್ಣು, ಉಗುರು, ಎಲ್ಲ. ನಾವು ಬಟ್ಟೆಯವರು, ಬಣ್ಣ ತಪ್ಪು ಹೇಳಲ್ಲ.”

ಕಾಮಾಲೆ. ಒಪ್ಪಿಕೊಳ್ಳುತ್ತೇನೆ, ನನಗೆ ಮೊದಲು ಆದದ್ದು ಖುಷಿ. ಹದಿನಾಲ್ಕು ವರ್ಷ ಪುಸ್ತಕದಿಂದ ಪಾಠ ಮಾಡಿದ್ದು ಎದುರಿಗೇ ಬಂದು ನಿಂತಿತ್ತು. ಪ್ರೊಜೆಕ್ಟರು ಮುಚ್ಚಿದೆ. ಕೆಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹರಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕತ್ತರಿಯಕ್ಕನಿಂದಲೇ ಬೀದಿಯ ನಕ್ಷೆ ಬರೆಸಿದೆ. ನಾನು ಬರೆದಿದ್ದರೆ ಅಂಕುಡೊಂಕಾಗುತ್ತಿತ್ತು, ಅವಳ ಗೆರೆ ನೇರ ಬಂತು. ಕಾಯಿಲೆಯ ಮನೆಗೆಲ್ಲ ಅಡ್ಡಗೆರೆಯ ಗುರುತು ಹಾಕಿದಳು. ಹತ್ತೊಂಬತ್ತು ಗುರುತು, ಹದಿನೇಳು ನಮ್ಮ ಕಾಂಪೌಂಡಿನ ಬದಿಯ ಸಾಲಿನಲ್ಲೇ. ಎದುರಿನ ಸಾಲಿಗೆ ನೀರು ಬೇರೆ ಪೈಪಿನಿಂದ ಬರುತ್ತದಂತೆ. ನೀರು ಬರುವುದು ದಿನಕ್ಕೆ ಒಂದು ಗಂಟೆ. ಇದನ್ನು ಇವತ್ತು ಕೇಳಿದೆ.

ಎಲ್ಲರೂ ಮೇಜಿನ ಸುತ್ತ ನಿಂತು ನೋಡುತ್ತಿದ್ದರು, ಕಾಜಾ ಒಬ್ಬಳು ಮೆಷಿನ್ನಿನ ಮುಂದೆ ಕೂತೇ ಇದ್ದಳು. ಬಿಸ್ಕತ್ತು ಕೊಟ್ಟರೆ ಬೇಡವೆಂದಳು. ಬಸುರಿಯರಿಗೆ ಎಷ್ಟೋ ಸಲ ತಿನ್ನಲು ಆಗುವುದಿಲ್ಲವಲ್ಲ ಎಂದುಕೊಂಡೆ. ನಕ್ಷೆ ಅಷ್ಟು ಚೆನ್ನಾಗಿ ಬಂದಿತ್ತು.

ಮಾರ್ಚ್ ೨೪, ಭಾನುವಾರ

ನಕ್ಷೆ ತೋರಿಸಿದ್ದಕ್ಕೆ ಅಪ್ಪ ಎದ್ದು, ಅಟ್ಟದಿಂದ ಒಂದು ಕಬ್ಬಿಣದ ಸರಳು ಇಳಿಸಿದರು. ತುದಿಗೆ ಮರದ ಬಿಲ್ಲೆ. ಬಿಲ್ಲೆಯನ್ನು ಎಡಗಿವಿಗೆ ಒತ್ತಿ, ಸರಳನ್ನು ನೆಲಕ್ಕೆ ಊರಿದರೆ ಕೆಳಗಿನ ಪೈಪು ಸೋರುವುದು ಕೇಳುತ್ತದೆ. ನೀರು ಬಿಡುವ ಹೊತ್ತಿಗೆ ಸರಿಯಾಗಿ, ಬೆಳಿಗ್ಗೆ ಏಳಕ್ಕೆ, ಬೀದಿಗೆ ಹೋದೆವು.

“ಎಲ್ಲ ಬಾಯಿ ಮುಚ್ಕೊಳ್ಳಿ,” ಎಂದರು. ಬೀದಿ ಬಾಯಿ ಮುಚ್ಚಿತು. ಮೆಕ್ಯಾನಿಕ್ಕು ಸ್ಪಾನರು ಕೆಳಗಿಟ್ಟ. ನನ್ನ ಮೂರು ಉಪನ್ಯಾಸದಲ್ಲಿ ಒಮ್ಮೆಯೂ ಸಿಗದ ಮೌನ. ಅಪ್ಪ ಎರಡೆರಡು ಹೆಜ್ಜೆಗೆ ಸರಳು ಊರುತ್ತ, ಕಾಂಪೌಂಡಿನ ಪಕ್ಕ ಒಂದು ಕಡೆ ನಿಂತರು. ಅಷ್ಟರಲ್ಲಿ ಜನ ನೀರು ಹಿಡಿಯಲು ನಲ್ಲಿಗಳ ಕಡೆ ಹೋಗಿದ್ದರು, ಹತ್ತಿರ ಉಳಿದವಳು ನಾನೊಬ್ಬಳೇ.

“ಇಲ್ಲಿ. ಗೋಡೆ ಆಚೆ ಏನಿದೆ?”

“ಹಾಸ್ಟೆಲ್ಲು. ಹೊಸದಾಗಿ ಕಟ್ಟಿಸಿದ ಕಕ್ಕಸುಗಳು.”

“ಅದರ ಚರಂಡಿ ಇದರ ಮೇಲೇ ದಾಟುತ್ತೆ. ಚರಂಡೀನೂ ಸೋರ್ತಿದೆ, ಪೈಪೂ ಒಡೆದಿದೆ.”

“ಆದ್ರೆ ಪೈಪಿಂದ ನೀರು ಹೊರಗೆ ಬರುತ್ತೆ. ಒಳಗೆ ಹೇಗಪ್ಪ ಹೋಗುತ್ತೆ?”

ನನ್ನನ್ನು ದಡ್ಡ ಹುಡುಗಿಯನ್ನು ನೋಡುವ ಹಾಗೆ ನೋಡಿದರು. “ನೀರು ಬಿಟ್ಟಾಗ ಪೈಪು ಉಗಿಯುತ್ತೆ. ನಿಲ್ಲಿಸಿದಾಗ ಹೀರುತ್ತೆ. ಒಂದು ಗಂಟೆ ಉಗಿಯುತ್ತೆ, ಇಪ್ಪತ್ತಮೂರು ಗಂಟೆ ಸುತ್ತ ಏನಿದೆಯೋ ಅದನ್ನ ಹೀರ್ತಾ ಕೂತಿರುತ್ತೆ. ಇಷ್ಟೂ ಕಲಿಸಲಿಲ್ವಾ ನಿಮಗೆ?”

ಕಲಿಸಲಿಲ್ಲ. ಜನವರಿಯಲ್ಲಿ ಹಾಸ್ಟೆಲಿನ ನಾಲ್ವರು ಹುಡುಗರಿಗೆ ಕಾಮಾಲೆಯಾಗಿ, ಸುತ್ತೋಲೆ ಹೊರಡಿಸಿ ಮನೆಗೆ ಕಳಿಸಿದ್ದರು. ಆ ಸುತ್ತೋಲೆಗೆ ನಾನೂ ಸಹಿ ಹಾಕಿದ್ದೆ.

ನಲ್ಲಿಗಳಿಂದ ಆರು ಬಾಟಲಿ ನೀರು ತುಂಬಿಸಿಕೊಂಡು ಸೀದಾ ಪ್ರಯೋಗಾಲಯಕ್ಕೆ ಹೋದೆ.

ಮಾರ್ಚ್ ೨೭, ಬುಧವಾರ

ಕಾಂಪೌಂಡಿನ ಬದಿಯ ನಾಲ್ಕೂ ಬಾಟಲಿಗಳಲ್ಲಿ ಮಲದ ಬ್ಯಾಕ್ಟೀರಿಯಾ. ಎಣಿಸಲೂ ಆಗದಷ್ಟು. ಎದುರಿನ ಸಾಲಿನ ಎರಡು ಬಾಟಲಿ ಸ್ವಚ್ಛ. ಇಷ್ಟು ಅಚ್ಚುಕಟ್ಟಾದ ಫಲಿತಾಂಶ ನನ್ನ ಪಿಎಚ್‌ಡಿಯಲ್ಲೂ ಬಂದಿರಲಿಲ್ಲ.

ಪ್ರಸ್ತಾವನೆ ಸಾರ್ ನನ್ನನ್ನು ಕುಲಸಚಿವರ ಹತ್ತಿರ ಕರೆದೊಯ್ದರು. ಕುಲಸಚಿವರು ವರದಿಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಓದಿದರು, ಆ ಬ್ಯಾಕ್ಟೀರಿಯಾ ಕಾಗದಕ್ಕೂ ಹತ್ತಿದೆ ಎನ್ನುವ ಹಾಗೆ.

“ನೋಡಿಮ್ಮ, ಗಂಭೀರ ವಿಷಯ. ಒಂದು ಸಮಿತಿ ಮಾಡೋಣ. ಮೌಲ್ಯಮಾಪನ ಮುಗೀಲಿ, ಆಮೇಲೆ ಅಗೆಸೋಣ. ಅಲ್ಲೀವರೆಗೂ ಹೊರಗೆ ಮಾತು ಬೇಡ.”

“ಸಾರ್, ಅವರು ದಿನಾ ಅದನ್ನೇ ಕುಡೀತಿದ್ದಾರೆ.”

“ಕಾಯಿಸಿ ಕುಡೀರಿ ಅಂತ ಹೇಳಿ. ಅದಕ್ಕೇ ತಾನೇ ನಿಮ್ಮ ಕಾರ್ಯಕ್ರಮ ಇರೋದು? ಯಾಕೆ ಅಂತ ಹೇಳೋ ಅವಶ್ಯಕತೆ ಇಲ್ಲ.”

ಹೊರಗೆ ಬಂದ ಮೇಲೆ ಪ್ರಸ್ತಾವನೆ ಸಾರ್ ಬದುಕಿನಲ್ಲಿ ಮೊದಲ ಬಾರಿಗೆ ಪ್ರಸ್ತಾವನೆಯಿಲ್ಲದೆ ಮಾತಾಡಿದರು: “ನಿನ್ನ ಫೈಲು ಈ ವಾರ ಮೇಲಕ್ಕೆ ಹೋಗುತ್ತೆ.”

ಸಮಿತಿ ಮಾಡುತ್ತಾರಂತೆ ಎಂದು ಅಪ್ಪನಿಗೆ ಹೇಳಿದೆ. ಅವರು ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿ ಕೂತರು.

ಮಾರ್ಚ್ ೨೮, ಗುರುವಾರ

ಕತ್ತರಿಯಕ್ಕನ ಅಂಗಡಿಗೆ ಹೋಗಿ, ನೀರು ಕಾಯಿಸಿ ಕುಡಿಯಿರಿ, ಎಲ್ಲರಿಗೂ ಹೇಳಿ ಎಂದೆ.

“ಯಾಕೆ ಮೇಡಂ? ನೀರಲ್ಲಿ ಏನಾದ್ರೂ ಇದೆಯಾ?”

“ಒಳ್ಳೆಯದು ಅಂತ.”

“ಒಳ್ಳೆಯದು ಅಂತ ನೀವು ಬೇಕಾದಷ್ಟು ಹೇಳಿದ್ದೀರಿ. ದಿನಕ್ಕೆ ಎಂಟು ಗ್ಲಾಸು ಕುಡೀರಿ ಅಂತಾನೂ ಹೇಳಿದ್ರಿ. ಒಬ್ಬೊಬ್ಬರ ಮನೇಲಿ ಆರಾರು ಜನ, ಇರೋದು ಒಂದೇ ಒಲೆ. ಸುಮ್ಮಸುಮ್ಮನೆ ಯಾರು ಕಾಯಿಸ್ತಾರೆ?”

ಕಾಜಾ ಹುಷಾರಿಲ್ಲವೆಂದು ಒಳಗೆ ಮಲಗಿದ್ದಳು.

ಮಾರ್ಚ್ ೩೦, ಶನಿವಾರ

ಬೆಳಿಗ್ಗೆ ಮೆಕ್ಯಾನಿಕ್ಕು ಫೋನು ಮಾಡಿದ. ಕಾಜಾಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಗಂಡನ ಗುರುತೂ ಸರಿಯಾಗಿ ಹಿಡಿಯುತ್ತಿಲ್ಲ ಎಂದ.

ಹೋದೆ. ವಾರ್ಡಿನ ಡಾಕ್ಟರು ಹೆಪಟೈಟಿಸ್ ಇ ಎಂದರು. ನೀರಿನಿಂದ ಬರುವ ಕಾಮಾಲೆ. ಉಳಿದವರನ್ನು ಕೆಲವು ವಾರ ಮಲಗಿಸಿ ಬಿಟ್ಟುಬಿಡುತ್ತದೆ, ತಿಂಗಳು ತುಂಬುತ್ತಿರುವ ಬಸುರಿಯರನ್ನು ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಇದು ನನಗೆ ಗೊತ್ತು. ಪ್ರತಿ ವರ್ಷ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತೇನೆ.

ಕತ್ತರಿಯಕ್ಕ ಕಾರಿಡಾರಿನ ಬೆಂಚಿನ ಮೇಲಿದ್ದಳು. ಕೊರಳಲ್ಲಿ ಕತ್ತರಿ ಹಾಗೇ ಇತ್ತು, ಅಂಗಡಿಯಿಂದಲೇ ಓಡಿಬಂದಿದ್ದಳು.

“ಮೊನ್ನೆ ಕಾಯಿಸಿ ಕುಡೀರಿ ಅಂದ್ರಲ್ಲ. ನಿಮಗೆ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಒಳ್ಳೆಯ ಸುಳ್ಳುಗಳು ನಾಲ್ಕೈದು ಬಾಯಿಗೂ ಬಂದವು.

“ಗೊತ್ತಿತ್ತು,” ಎಂದೆ.

ಅವಳು ಎದ್ದು ಹೋಗಿ ಇನ್ನೊಂದು ಬೆಂಚಿನ ಮೇಲೆ ಕೂತಳು.

ಸಂಜೆ ನಾಲ್ಕಕ್ಕೆ ಉಪನ್ಯಾಸವಿತ್ತು. ವಿಷಯ ‘ವೈಯಕ್ತಿಕ ಸ್ವಚ್ಛತೆ’. ಕೋಣೆ ತುಂಬಿ ಮೆಟ್ಟಿಲ ಮೇಲೂ ಜನ ನಿಂತಿದ್ದರು. ಮುಂದಿನ ಸಾಲಿನಲ್ಲಿ ಪ್ರಸ್ತಾವನೆ ಸಾರ್. ಅವರು ಎದ್ದು “ಮಾನವ ಇತಿಹಾಸವನ್ನು ಅವಲೋಕಿಸಿದಾಗ…” ಎಂದು ಶುರು ಮಾಡಿದರು. ಹತ್ತನೇ ನಿಮಿಷಕ್ಕೆ, ಅವರು ಇನ್ನೂ ಶಿಲಾಯುಗದಲ್ಲಿರುವಾಗ, ಮೈಕು ಕಿತ್ತುಕೊಂಡೆ. ಕಿತ್ತುಕೊಂಡೆ ಎನ್ನುವುದೇ ಸರಿ, ಅವರ ಉಂಗುರ ನನ್ನ ಬೆರಳಿಗೆ ಗೀರಿದೆ.

“ನಮ್ಮ ಹಾಸ್ಟೆಲಿನ ಕಕ್ಕಸಿನ ನೀರು ನಿಮ್ಮ ಕುಡಿಯೋ ನೀರಿಗೆ ಸೇರ್ತಿದೆ. ಭಾನುವಾರವೇ ಅನುಮಾನ ಬಂತು, ಬುಧವಾರ ಖಾತ್ರಿಯಾಯ್ತು. ನಾನು ಹೇಳಲಿಲ್ಲ. ಅದು ತಪ್ಪು. ಇವತ್ತಿಂದ ಒಂದು ಹನೀನೂ ಕಾಯಿಸದೆ ಕುಡೀಬೇಡಿ, ಕುದಿ ಬಂದ ಮೇಲೇ ಇಳಿಸಿ. ಬಸುರಿಯರಿಗೆ ಸುಸ್ತು, ವಾಂತಿ ಏನೇ ಆದ್ರೂ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹಳದಿಯಾಗೋವರೆಗೆ ಕಾಯಬೇಡಿ.”

ಅಷ್ಟೇ. ಎರಡು ನಿಮಿಷವೂ ಆಗಲಿಲ್ಲ. ಯಾರೂ ಮಲಗಲಿಲ್ಲ. ಮೆಕ್ಯಾನಿಕ್ಕು ಎದ್ದು, “ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ ದಾಡಿ?” ಎಂದ. ಬೇರೆಯವರು ಇನ್ನೂ ಗಟ್ಟಿಯಾಗಿ, ಇಲ್ಲಿ ಬರೆಯಲಾಗದ ಮಾತಿನಲ್ಲಿ ಕೇಳಿದರು. ನಿಂತು ಕೇಳಿಸಿಕೊಂಡೆ. ಸಾರ್ ಹಿಂದಿನ ಮೆಟ್ಟಿಲಿಂದ ಇಳಿದು ಹೋದದ್ದು ಆಮೇಲೆ ಗೊತ್ತಾಯಿತು.

ಏಪ್ರಿಲ್ ೧, ಸೋಮವಾರ

ಹನ್ನೊಂದು ಗಂಟೆಗೆ ಬೀದಿಯ ನಲವತ್ತು ಜನ ಕೊಡ ಹೊತ್ತು ಕುಲಸಚಿವರ ಕಚೇರಿಗೆ ಬಂದರು. ಗಲಾಟೆಯಿಲ್ಲ, ಘೋಷಣೆಯಿಲ್ಲ. ಮೆಕ್ಯಾನಿಕ್ಕು ಒಂದು ಗಾಜಿನ ಲೋಟ ತೊಳೆದು, ಕೊಡದಿಂದ ಬೀದಿಯ ನಲ್ಲಿ ನೀರು ಬಗ್ಗಿಸಿ, ಕುಲಸಚಿವರ ಮೇಜಿನ ಮೇಲೆ ಇಟ್ಟ.

“ಬಿಸಿಲು ಜೋರಿದೆ ಸಾರ್. ಕುಡೀರಿ.”

“ಬೇಡ, ಈಗ ತಾನೇ ಚಹಾ ಆಯ್ತು.”

“ಪರವಾಗಿಲ್ಲ ಸಾರ್, ಕಾಯ್ತೀವಿ.”

ನೆಲದ ಮೇಲೆ ಕೂತರು. ಒಂದು ಗಂಟೆಯಾಯಿತು. ಲೋಟ ಹಾಗೇ ಇತ್ತು. ಗುಮಾಸ್ತರು ಬಾಗಿಲಿಂದ ಬಾಗಿಲಿಗೆ ಇಣುಕಿದರು. ಕುಲಸಚಿವರಿಗೆ ಬಾಯಾರಿತು, ತಮ್ಮ ಬಾಟಲಿಗೆ ಕೈ ಹಾಕಿ ಎಲ್ಲರ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಒಂದೂವರೆಗೆ ಫೋನೆತ್ತಿ ಇಂಜಿನಿಯರನ್ನು ಕರೆಸಿದರು. ಮೂರಕ್ಕೆ ಅಗೆಯುವ ಯಂತ್ರ ಬಂತು. ಸಮಿತಿಗೆ ಸದಸ್ಯರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಅಪ್ಪ ಕುರ್ಚಿ ಹಾಕಿಸಿಕೊಂಡು ಕಾಂಪೌಂಡಿನ ಪಕ್ಕ ಕೂತು, ಇಂಜಿನಿಯರಿಗೆ ಎಲ್ಲಿ ಅಗೆಯಬೇಕೆಂದು ಹೇಳಿಕೊಟ್ಟರು. ಒಂದು ಗೇಣೂ ತಪ್ಪಲಿಲ್ಲ. ಪೈಪು ಎರಡು ಬೆರಳು ತೂರುವಷ್ಟು ಒಡೆದಿತ್ತು. ಮೇಲಿನ ಚರಂಡಿ ಅದರೊಳಕ್ಕೇ ತೊಟ್ಟಿಕ್ಕುತ್ತಿತ್ತು. ಅಗೆದ ಗುಂಡಿಯ ಸುತ್ತ ನಿಂತವರು ಮೂಗು ಮುಚ್ಚಿಕೊಂಡರು. ಆಮೇಲೆ ಒಬ್ಬೊಬ್ಬರೇ ವಾಂತಿ ಮಾಡಲು ಆಚೆ ಹೋದರು.

ಕತ್ತರಿಯಕ್ಕ ಬಂದಿರಲಿಲ್ಲ.

ಏಪ್ರಿಲ್ ೨, ಮಂಗಳವಾರ

ಕಾಜಾ ಉಳಿದಳು. ಮಗು ಉಳಿಯಲಿಲ್ಲ.

ಏಪ್ರಿಲ್ ೮, ಸೋಮವಾರ

ನೋಟಿಸು ಬಂತು. ಅನುಮತಿಯಿಲ್ಲದೆ ಸಾರ್ವಜನಿಕ ಹೇಳಿಕೆ, ಹಿರಿಯರ ಕೈಯಿಂದ ಧ್ವನಿವರ್ಧಕ ಅಪಹರಣ. ಅಪಹರಣ ಎಂಬ ಪದವನ್ನೇ ಬಳಸಿದ್ದಾರೆ. ಜನಸಂಪರ್ಕ ಕಾರ್ಯಕ್ರಮದಿಂದ ನನ್ನನ್ನು ಕೈಬಿಡಲಾಗಿದೆ. ಬಡ್ತಿಯ ಫೈಲು ಹುಡುಕಿದರೂ ಸಿಗುತ್ತಿಲ್ಲವಂತೆ.

ಲೆಕ್ಕ ಹಾಕುತ್ತ ಕೂತೆ. ಈ ವೈರಸ್ಸು ಮೈಗೆ ಸೇರಿ ಕಾಯಿಲೆ ಕಾಣಿಸಲು ಕಡಿಮೆಯೆಂದರೂ ಎರಡು ವಾರ, ಸಾಮಾನ್ಯವಾಗಿ ಐದಾರು ವಾರ. ಹಾಗಾದರೆ ಕಾಜಾಗೆ ಅದು ತಗುಲಿದ್ದು ತೀರಾ ತಡವೆಂದರೂ ನನ್ನ ಮೊದಲ ಉಪನ್ಯಾಸದ ಹೊತ್ತಿಗೆ. ಈ ಲೆಕ್ಕ ನೂರಕ್ಕೆ ನೂರು ಸರಿ. ಆದರೂ ಇಪ್ಪತ್ತಮೂರನೇ ತಾರೀಖು ಬಿಸ್ಕತ್ತು ಬೇಡವೆಂದಾಗ ಅವಳ ಕಣ್ಣನ್ನು ಒಮ್ಮೆ ನೋಡಬಹುದಿತ್ತು.

ಏಪ್ರಿಲ್ ೧೩, ಶನಿವಾರ

ಹೊಸ ಪೈಪಿನ ನೀರು ಪರೀಕ್ಷೆಗೆಂದು ಹೋಗಿದ್ದೆ. ಸ್ವಂತ ರಜೆ ಹಾಕಿಕೊಂಡು, ಯಾರ ಅನುಮತಿಯೂ ಇಲ್ಲದೆ. ಅಪ್ಪ ಈಗ ಬೀದಿಯಲ್ಲಿ ‘ಪೈಪ್ ಡಾಕ್ಟರ್’. ಪಕ್ಕದ ಎರಡು ಬೀದಿಯವರೂ ಕರೆಸಿಕೊಂಡು ಸರಳು ಊರಿಸಿದ್ದಾರೆ. ನಾನು ಬಂದದ್ದು ನೋಡಿ ಒಬ್ಬ ಅಜ್ಜಿ, “ಇವಳು ಯಾರು?” ಎಂದದ್ದಕ್ಕೆ, “ಪೈಪ್ ಡಾಕ್ಟರ್ ಮಗಳು, ಅವಳೂ ಏನೋ ಓದಿದ್ದಾಳಂತೆ,” ಎಂದು ಬೀದಿಯವರು ಪರಿಚಯ ಮಾಡಿಕೊಟ್ಟರು.

ಹೊಸದಾಗಿ ಹಳದಿಯಾದವರು ಈ ವಾರ ಇಬ್ಬರೇ. ಇನ್ನೂ ಕೆಲವರು ಆಗಬಹುದು, ಮೊದಲೇ ಕುಡಿದದ್ದು ಈಗ ಹೊರಬರುತ್ತದೆ ಎಂದು ಮನೆಮನೆಗೂ ಹೋಗಿ ಹೇಳಿದೆ. ಇಲ್ಲದಿದ್ದರೆ ಪೈಪು ರಿಪೇರಿ ಸುಳ್ಳು ಎಂದುಕೊಳ್ಳುತ್ತಾರೆ. ಒಂದು ಮನೆಯಲ್ಲಿ ಪಾತ್ರೆ ತೊಳೆಯುತ್ತ, ಇನ್ನೊಂದರಲ್ಲಿ ಬಟ್ಟೆ ಮಡಿಸಿಕೊಡುತ್ತ ಹೇಳಿದ್ದಾಯಿತು. ಕೈ ಖಾಲಿಯಿದ್ದರೆ ಯಾರೂ ಕೂರಿಸಿ ಮಾತಾಡಿಸುವುದಿಲ್ಲ.

ಅಂಗಡಿಯ ಮುಂದೆ ಹಾದೆ. ಕತ್ತರಿಯಕ್ಕ ಬಟ್ಟೆಯಿಂದ ತಲೆ ಎತ್ತಲಿಲ್ಲ.

ಏಪ್ರಿಲ್ ೨೭, ಶನಿವಾರ

ಮೌಲ್ಯಮಾಪನ ತಂಡ ಬಂದು, ಊಟ ಮಾಡಿ, ನಮಗೆ ಉತ್ತಮ ದರ್ಜೆ ಕೊಟ್ಟು ಹೋಯಿತು. ‘ಸಮುದಾಯದ ಸಕ್ರಿಯ ಪಾಲ್ಗೊಳ್ಳುವಿಕೆ’ಯನ್ನು ವಿಶೇಷವಾಗಿ ಮೆಚ್ಚಿಕೊಂಡರಂತೆ. ಕೊಡ ಹೊತ್ತು ಬಂದ ದಿನದ ಫೋಟೊವನ್ನು ಯಾರೋ ವರದಿಗೆ ಅಂಟಿಸಿದ್ದರು.

ಅದು ಬಿಡಲಿ. ಕಾಜಾ ಹೇಳಿ ಕಳಿಸಿದ್ದಳು. ಹೋದೆ. ಮೆಷಿನ್ನಿನ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ರವಿಕೆ ತೋಳಿನಲ್ಲಿ ಕೈ ಕಡ್ಡಿಯಂತೆ ಆಡುತ್ತಿತ್ತು. ಹಿಂದೆ ಕತ್ತರಿಯಕ್ಕ ಬಟ್ಟೆ ಕತ್ತರಿಸುತ್ತಿದ್ದಳು.

“ಡಾಕ್ಟ್ರು ನಮ್ಮ ಮನೆಯವರಿಗೆ ಹೇಳಿದ್ರಂತೆ. ಅವರು ನನಗೆ ಹಣೆಬರಹ ಅಂದ್ರು. ಅಮ್ಮನ್ನ ಕೇಳಿದ್ರೆ ಅಳ್ತಾಳೆ. ನೀವು ಹೇಳಿ. ನಾನೇನು ತಪ್ಪು ಮಾಡಿದೆ?”

“ಏನೂ ಮಾಡಲಿಲ್ಲ ನೀನು. ಬಾಯಾರಿದಾಗ ನೀರು ಕುಡಿದೆ.”

ಮೊದಲಿಂದ ಹೇಳಿದೆ. ಹಾಸ್ಟೆಲಿನ ಹುಡುಗರು, ಚರಂಡಿ, ಪೈಪು ಹೀರುವುದು, ವೈರಸ್ಸು ಯಕೃತ್ತಿಗೆ ಸೇರುವುದು, ಬಸುರಿಯರಿಗೆ ಅದು ಯಾಕೆ ಅಷ್ಟು ಜೋರು ಎನ್ನುವುದು ನಮಗೂ ಪೂರ್ತಿ ಗೊತ್ತಿಲ್ಲ ಎನ್ನುವುದು. ಬುಧವಾರದ್ದನ್ನೂ ಹೇಳಿದೆ. ಕತ್ತರಿಯ ಸದ್ದು ನಿಂತಿತು.

“ಬುಧವಾರವೇ ಹೇಳಿದ್ರೆ ಮಗು ಉಳೀತಿತ್ತಾ?”

“ಕಾಯಿಲೆ ಮೊದಲೇ ತಗುಲಿತ್ತು, ಅದನ್ನ ತಡೆಯೋಕೆ ಆಗ್ತಿರಲಿಲ್ಲ. ಆದ್ರೆ ನೀನು ಮೂರು ದಿನ ಮುಂಚೆ ಆಸ್ಪತ್ರೆಗೆ ಹೋಗ್ತಿದ್ದೆ. ಆಗ ಏನಾಗ್ತಿತ್ತೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

ಅವಳು ಮೆಷಿನ್ನಿನ ಚಕ್ರವನ್ನು ಬೆರಳಿಂದ ಒಂದು ಸುತ್ತು ತಿರುಗಿಸಿದಳು. “ಇನ್ನೊಂದ್ಸಲ ಹೇಳಿ,” ಎಂದಳು. ಹೇಳಿದೆ. ಮೂರನೇ ಸಲ ಅವಳೇ ನನಗೆ ಹೇಳಿದಳು, ನಡುನಡುವೆ ನಿಲ್ಲಿಸಿ, ಅಳು ಬಂದಾಗ ಬಿಟ್ಟು, ಮತ್ತೆ ಅಲ್ಲಿಂದಲೇ ಹಿಡಿದು. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು.

“ಇಲ್ಲಿಂದ ಮೂರನೇ ಬೀದೀಲಿ ನನ್ನ ಗೆಳತಿ ಇದ್ದಾಳೆ. ಅವಳಿಗೆ ಐದು ತಿಂಗಳು. ಅವರ ನಲ್ಲೀಲೂ ಕೊಳಕು ವಾಸನೆ ಅಂತಿದ್ಲು. ಬನ್ನಿ.”

ಇಬ್ಬರೂ ಬಾಗಿಲು ದಾಟುವಾಗ ಹಿಂದಿನಿಂದ ಕತ್ತರಿಯಕ್ಕ, ಒಂದು ತಿಂಗಳಾದ ಮೇಲೆ ಮೊದಲ ಬಾರಿ, ನನ್ನ ಜೊತೆ ಮಾತಾಡಿದಳು. “ಅವಳಿಗೆ ಕಾಲು ಇನ್ನೂ ಗಟ್ಟಿಯಿಲ್ಲ. ಕೈ ಹಿಡ್ಕೊಂಡು ಹೋಗಿ.”

ಹಿಡಿದುಕೊಂಡೆ.

ಗೆಳತಿಯ ಮನೆಯಲ್ಲಿ ನಾನು ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಹೇಳಿದವಳು ಕಾಜಾ. ಹೆಪಟೈಟಿಸ್ ಅವಳ ಬಾಯಲ್ಲಿ ‘ಪೊಟ್ಯಾಟೊಸ್’ ಆಯಿತು. ತಿದ್ದಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಉಳಿದದ್ದೆಲ್ಲ ಸರಿಯಿತ್ತು, ನನ್ನ ಸ್ಲೈಡಿಗಿಂತ ಸರಿಯಿತ್ತು. ಮಗುವಿನ ವಿಷಯ ಬಂದಾಗಲೂ ನಿಲ್ಲಿಸದೆ, ಗೆಳತಿಯ ಮುಖವನ್ನೇ ನೋಡುತ್ತ ಹೇಳಿ ಮುಗಿಸಿದಳು.

ಗೆಳತಿ ಎದ್ದು ಹೋಗಿ, ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪಾತ್ರೆಯನ್ನು ಒಲೆಯ ಮೇಲೆ ಇಟ್ಟಳು.